ಅತ್ತಿಗೆಯ ರೇಡಿಯೋದ ಏಳು ಟ್ರಾನ್ಸಿಸ್ಟರು

ನಮ್ಮ ಮನೆಯಲ್ಲಿ ಹೇಳುವ ಕಥೆ ಇದು: ಮೂರು ವರ್ಷದ ಹಿಂದೆ, ಪಂಚಮಿ ಹಬ್ಬಕ್ಕೆ ಇನ್ನೇನು ಕೆಲವು ದಿನ ಇರುವಾಗ, ಅತ್ತಿಗೆ ಬಿಂದಿಗೆ ಇಳಿಸಲು ಹೋಗಿ ಕೈ ಜಾರಿ ತಮ್ಮ ರೇಡಿಯೋ ಮೇಲೆ ನೀರು ಚೆಲ್ಲಿದರು, ಅಂದಿನಿಂದ ಅದು ಉಸಿರೆತ್ತಲಿಲ್ಲ. ನನ್ನ ಕಾಲೇಜಿನಲ್ಲಿ ಹೇಳುವ ಕಥೆ ಬೇರೆ. ನಾನು ನನ್ನ ಕೈಯಾರೆ ಒಂದು ಕಂಪ್ಯೂಟರ್ ಕಟ್ಟಿದ್ದೆ, ಹೆದ್ದಾರಿ ಬದಿಯ ಗ್ಯಾರೇಜಿನ ಮೇಸ್ತ್ರಿಯೊಬ್ಬ ತಂತಿ ತಪ್ಪು ಕೊಟ್ಟು ಅದನ್ನು ಸುಟ್ಟುಹಾಕಿದ.

ಈ ಕಥೆ ನಂಬಿದವರೂ ಆ ಕಥೆ ನಂಬಿದವರೂ ಒಂದೇ ಜಗಲಿಯ ಮೇಲೆ ಯಾವತ್ತೂ ಕೂತಿಲ್ಲ. ಕೂತಿದ್ದರೆ ಐದು ನಿಮಿಷದಲ್ಲಿ ಎರಡೂ ಬಿದ್ದುಹೋಗುತ್ತಿದ್ದವು. ಯಾಕೆಂದರೆ ರೇಡಿಯೋದ ಒಳಗಿದ್ದ ಏಳು ಟ್ರಾನ್ಸಿಸ್ಟರುಗಳೂ ನನ್ನ ಯಂತ್ರದಲ್ಲಿದ್ದ ಏಳು ಟ್ರಾನ್ಸಿಸ್ಟರುಗಳೂ ಬೇರೆಬೇರೆ ಅಲ್ಲ, ಅವೇ ಇವು. ಒಂದೇ ವಸ್ತು ಅಡುಗೆಮನೆಯಲ್ಲಿ ನೀರು ಬಿದ್ದೂ ಗ್ಯಾರೇಜಿನಲ್ಲಿ ಬೆಂದೂ ಎರಡೆರಡು ಸಲ ಸಾಯಲಾರದು. ಆದ್ದರಿಂದ ಒಂದಾದರೂ ಸುಳ್ಳು. ನನಗೆ ಗೊತ್ತಿರುವ ಪ್ರಕಾರ ಎರಡೂ ಸುಳ್ಳು. ಒಂದನ್ನು ನಾನು ಹೇಳಿದೆ. ಇನ್ನೊಂದನ್ನು ಅತ್ತಿಗೆ ಹೇಳಿದರು, ನನ್ನ ಎದುರಿಗೇ.

ಮೊದಲಿಗೆ, ಬಿ.ಎಸ್ಸಿ. ಓದುವ ಹುಡುಗನಿಗೆ ಚಿತ್ರದುರ್ಗದಲ್ಲಿ ಕುಳಿತು ಕಂಪ್ಯೂಟರ್ ಕಟ್ಟುವ ಹುಚ್ಚು ಯಾಕೆ ಬಂತು ಎಂಬುದಕ್ಕೆ ಉತ್ತರ ಕೊಡಬೇಕು. ವಿಜ್ಞಾನದ ಮೇಲಿನ ಪ್ರೀತಿ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದುಂಟು. ಪ್ರೀತಿಯೂ ಅಲ್ಲ, ಏನೂ ಅಲ್ಲ. ಆಷಾಢದಲ್ಲಿ ಒಂದು ಅಂತರ ಕಾಲೇಜು ಚರ್ಚಾಸ್ಪರ್ಧೆ ನಡೆಯಿತು. ಗಣಕಯಂತ್ರ ನಮ್ಮಂಥ ದೇಶಕ್ಕೆ ಬೇಕೇ ಬೇಡವೇ ಎಂಬುದು ವಿಷಯ. ನಾನು ಬೇಕು ಎನ್ನುವ ಕಡೆ. ಹತ್ತು ನಿಮಿಷ ಸಭೆಯನ್ನು ಅಂಗೈಯಲ್ಲಿಟ್ಟುಕೊಂಡಿದ್ದೆ. ಕೊನೆಯಲ್ಲಿ ಎದುರು ಪಕ್ಷದವನು ಎದ್ದು, ತಣ್ಣಗೆ, ಒಂದೇ ಒಂದು ಪ್ರಶ್ನೆ ಕೇಳಿದ: "ಮಾನ್ಯ ಮಿತ್ರರು ಆ ಯಂತ್ರವನ್ನು ಒಮ್ಮೆಯಾದರೂ ಕಣ್ಣಾರೆ ಕಂಡಿದ್ದಾರೆಯೇ?"

ಸಭೆ ಗೊಳ್ಳೆಂದಿತು. ಇಲ್ಲ ಎಂದು ಕೂತುಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. "ಕಂಡಿಲ್ಲ. ಆದರೆ ಶ್ರಾವಣದ ಹೊತ್ತಿಗೆ ನಮ್ಮ ಕಾಲೇಜಿನ ವಿಜ್ಞಾನ ಪ್ರದರ್ಶನವಿದೆ. ಅಲ್ಲಿ ಮೇಜಿನ ಮೇಲೆ ನಾನೇ ಕಟ್ಟಿದ ಒಂದನ್ನು ಇಡುತ್ತೇನೆ. ಎದುರಾಳಿಗಳು ದಯವಿಟ್ಟು ಬಂದು ನೋಡಬೇಕು" ಎಂದೆ. ಚಪ್ಪಾಳೆ ಬಿತ್ತು. ಬಹುಮಾನವೂ ಬಂತು. ಮನೆಗೆ ಬರುವ ಬಸ್ಸಿನಲ್ಲಿ ಕೂತಾಗ ಮಾತ್ರ ಉಳಿದ ದಿನ ಎಷ್ಟೆಂದು ಬೆರಳು ಮಡಿಸಿ ಎಣಿಸಿದೆ. ಆ ಎಣಿಕೆ ಪಂಚಮಿಯವರೆಗೂ ಬಿಡಲಿಲ್ಲ.

ಕಾಲೇಜಿನ ಗ್ರಂಥಾಲಯದಲ್ಲಿ ಒಂದು ಇಂಗ್ಲಿಷ್ ಪುಸ್ತಕವಿತ್ತು. ಅದರಲ್ಲಿ ಕೂಡಿಸುವ ಯಂತ್ರದ ಅತಿ ಸಣ್ಣ ತುಂಡೊಂದರ ಚಿತ್ರ ಕೊಟ್ಟಿದ್ದರು. ಎರಡು ಗುಂಡಿ, ಎರಡು ದೀಪ. ಒಂದು ಗುಂಡಿ ಹಾಕಿದರೆ ಬಲಗಡೆಯ ದೀಪ ಹತ್ತಬೇಕು. ಎರಡೂ ಗುಂಡಿ ಹಾಕಿದರೆ ಬಲಗಡೆಯದು ಆರಿ ಎಡಗಡೆಯದು ಹತ್ತಬೇಕು. ಅಂದರೆ ಒಂದೂ ಒಂದೂ ಸೇರಿ ಎರಡು. ಇದೇ ತುಂಡನ್ನು ಸಾವಿರಗಟ್ಟಲೆ ಜೋಡಿಸಿದರೆ ದೊಡ್ಡ ಕಂಪ್ಯೂಟರ್ ಆಗುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಒಂದು ಇಟ್ಟಿಗೆ ತೋರಿಸಿ ಕೋಟೆ ಎನ್ನುವ ಧೈರ್ಯ ನನಗಿತ್ತು. ಅದು ಚರ್ಚಾಪಟುವಿಗೆ ಇರಲೇಬೇಕಾದ ಧೈರ್ಯ.

ಇನ್ನು ಬಿಡಿಭಾಗಗಳು. ಗುಂಡಿ, ದೀಪ, ತಂತಿ ಇವಕ್ಕೆ ನಾನು ಹೆದ್ದಾರಿ ಬದಿಯ ಲಾರಿ ಗ್ಯಾರೇಜಿಗೆ ಹೋದೆ. ಅಲ್ಲಿ ಲಾರಿಗಳ ವೈರಿಂಗ್ ಮಾಡುವ ಮೇಸ್ತ್ರಿ ಒಬ್ಬರಿದ್ದರು. ಐವತ್ತರ ಆಸುಪಾಸು, ಕಿವಿಯ ಮೇಲೆ ಸದಾ ಒಂದು ತುಂಡು ಬೀಡಿ. ಹರಿಹರದಿಂದ ಹಿರಿಯೂರಿನವರೆಗೆ ಲಾರಿ ದೀಪ ಆರಿದರೆ ಡ್ರೈವರುಗಳು ಇವರನ್ನೇ ಕೇಳಿಕೊಂಡು ಬರುತ್ತಿದ್ದರು. ನಾನು ಚಿತ್ರ ಬಿಡಿಸಿ ತೋರಿಸಿದೆ. ಅವರು ಅದನ್ನು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದರು.

"ಏನ್ ಮಾಡ್ತೈತಪ್ಪ ಇದು?"

"ಲೆಕ್ಕ ಮಾಡುತ್ತೆ. ಒಂದಕ್ಕೆ ಒಂದು ಕೂಡಿಸುತ್ತೆ."

"ಅಷ್ಟೇನಾ? ನಮ್ಮ ಕ್ಲೀನರೂ ಮಾಡ್ತಾನಲ್ಲೋ ಲಾಯ್ರಿ." ನಾನು ವಾದ ಮಾಡುವ ರೀತಿ ನೋಡಿ ಮೊದಲ ದಿನವೇ ಅವರು ನನಗೆ ಲಾಯರ್ ಎಂದು ಹೆಸರಿಟ್ಟಿದ್ದರು. "ಇದಕ್ಕೆ ಹಾರನ್ ರಿಲೇ ಸಾಕು ಕಣಪ್ಪ. ಹಳೇವು ನನ್ ತಾವ ಒಂದು ಡಬ್ಬ ಅವೆ. ನಿಂಗೆ ಬೇಕಾದಂಗೆ ಕಿವಿ ತಿರುಚಿ ಕೊಡ್ತೀನಿ. ಕರೆಂಟು ಬಂದ್ರೆ ಟಕ್ ಅಂತ ಕೂರ್ತದೆ, ಹೋದ್ರೆ ಟಕ್ ಅಂತ ಏಳ್ತದೆ. ಕಣ್ಣಿಗೂ ಕಾಣ್ತದೆ, ಕಿವಿಗೂ ಕೇಳ್ತದೆ."

ರಿಲೇ ಎಂದರೆ ಲಾರಿಯ ಹಾರನ್ನಿಗೆ ಕರೆಂಟು ಬಿಡುವ ಒಂದು ಸಣ್ಣ ಪೆಟ್ಟಿಗೆ. ಒಳಗೆ ಸುರುಳಿ, ಅದು ಎಳೆದಾಗ ಮುಚ್ಚಿಕೊಳ್ಳುವ ಒಂದು ಪಟ್ಟಿ. ಮೇಸ್ತ್ರಿಯ ಮಾತು ಸರಿಯಾಗಿತ್ತು. ಇವತ್ತು ಒಪ್ಪುತ್ತೇನೆ, ಎರಡೋ ಮೂರೋ ರಿಲೇ ಇದ್ದರೆ ಸಾಕಾಗಿತ್ತು. ಆದರೆ ಆವತ್ತು ನಾನು, "ಅದು ಹಳೆಯ ಕಾಲದ್ದು, ಈಗಿನ ಕಂಪ್ಯೂಟರೆಲ್ಲ ಟ್ರಾನ್ಸಿಸ್ಟರಿನಲ್ಲಿ ನಡೆಯುತ್ತವೆ" ಎಂದು ಅರ್ಧ ಗಂಟೆ ವಾದಿಸಿ ಅವರ ಬಾಯಿ ಮುಚ್ಚಿಸಿದೆ. ಹಾರನ್ ರಿಲೇ ಹೊತ್ತುಕೊಂಡು ಪ್ರದರ್ಶನಕ್ಕೆ ಹೋದರೆ ಎದುರಾಳಿ ಏನೆನ್ನುತ್ತಾನೆ ಎಂಬ ಚಿಂತೆಯೊಂದೇ ನನ್ನ ತಲೆಯಲ್ಲಿದ್ದದ್ದು. ಯಂತ್ರಕ್ಕೆ ಟ್ರಾನ್ಸಿಸ್ಟರ್ ಬೇಕಿರಲಿಲ್ಲ. ನನಗೆ ಬೇಕಿತ್ತು.

"ಆಯ್ತಪ್ಪ, ನೀನು ಗೆದ್ದೆ. ಎಲ್ಲಿಂದ ತರ್ತೀಯ ಟ್ರಾನ್ಸಿಸ್ಟ್ರು?" ಎಂದರು ಮೇಸ್ತ್ರಿ.

ಅದೇ ತೊಡಕು. ಊರಿನ ರೇಡಿಯೋ ಅಂಗಡಿಯಲ್ಲಿ ಕೇಳಿದೆ, ಬೆಂಗಳೂರಿನಿಂದ ತರಿಸಬೇಕು, ಹದಿನೈದು ದಿನ ಎಂದರು. ಪ್ರದರ್ಶನಕ್ಕೆ ಉಳಿದಿದ್ದದ್ದು ಒಂಬತ್ತು ದಿನ. ಮನೆಗೆ ಬಂದು ಊಟಕ್ಕೆ ಕೂತೆ. ಎದುರಿಗೆ ಗೋಡೆಯ ಗೂಡಿನಲ್ಲಿ, ಕರಿ ಕಂಬಳಿಯ ತುಂಡಿನಲ್ಲಿ ಹೊಲಿದ ಅಂಗಿ ತೊಟ್ಟುಕೊಂಡು, ಅತ್ತಿಗೆಯ ರೇಡಿಯೋ ಕೂತಿತ್ತು. ಅದರ ಎದೆಯ ಮೇಲೆ ಅಚ್ಚು ಹಾಕಿದ್ದರು: ಏಳು ಟ್ರಾನ್ಸಿಸ್ಟರ್.

ಆ ರೇಡಿಯೋ ನಮ್ಮದಲ್ಲ ಎಂಬುದು ಇಲ್ಲಿ ಮುಖ್ಯ. ನಮ್ಮದೂ ಮೂಲದಲ್ಲಿ ಕುರಿ ಸಾಕುವ ಮನೆತನವೇ, ಅಪ್ಪನ ಕಾಲಕ್ಕೆ ಪೇಟೆ ಸೇರಿ ಸಂಬಳಕ್ಕೆ ಬಿದ್ದೆವು. ಅತ್ತಿಗೆಯ ತವರು ಹೊಸದುರ್ಗದ ಆಚೆಯ ಹಳ್ಳಿ, ಅವರಿಗೆ ಈಗಲೂ ಕುರಿಯೇ ಬದುಕು. ಹಿಂದಿನ ವರ್ಷ ಪಂಚಮಿಗೆ ತವರಿಗೆ ಹೋದಾಗ ಅವರ ಅಣ್ಣ ಆ ವರ್ಷದ ಉಣ್ಣೆ ಮಾರಿದ ದುಡ್ಡಿನಲ್ಲಿ ರೇಡಿಯೋ ಕೊಡಿಸಿ, ರೇಡಿಯೋಗೆ ಅಂಚೆ ಕಚೇರಿಯಲ್ಲಿ ಮಾಡಿಸುವ ಲೈಸೆನ್ಸ್ ಪುಸ್ತಕದಲ್ಲಿ ತಂಗಿಯ ಹೆಸರನ್ನೇ ಬರೆಸಿ ಕಳಿಸಿದ್ದರು. ನಮ್ಮ ಮನೆಯಲ್ಲಿ ಅತ್ತಿಗೆಯ ಹೆಸರಿದ್ದ ಸರ್ಕಾರಿ ಕಾಗದ ಬಹುಶಃ ಅದೊಂದೇ. ಸಂಜೆ ರೊಟ್ಟಿ ತಟ್ಟುವ ಹೊತ್ತಿಗೆ ಅವರು ಅದನ್ನು ಹಾಕುತ್ತಿದ್ದರು. ಆ ಸಲದ ಪಂಚಮಿಗೆ ಕರೆಯಲು ಅವರ ಅಣ್ಣ ಖುದ್ದಾಗಿ ಬರುವವರಿದ್ದರು. ಹಬ್ಬದ ಹಿಂದಿನ ದಿನ. ಪ್ರದರ್ಶನ ಮುಗಿದು ನಾಲ್ಕು ದಿನಕ್ಕೆ.

ಲೆಕ್ಕ ಹಾಕಿದೆ. ಇವತ್ತು ಬಿಚ್ಚಿದರೆ, ಒಂಬತ್ತು ದಿನ ನನ್ನ ಯಂತ್ರದಲ್ಲಿ, ಆಮೇಲೆ ನಾಲ್ಕು ದಿನದಲ್ಲಿ ವಾಪಸು ಬೆಸುಗೆ. ಅತ್ತಿಗೆಯ ಅಣ್ಣ ಬರುವ ಹೊತ್ತಿಗೆ ಅದು ಎಂದಿನಂತೆ ಹಾಡುತ್ತಿರುತ್ತದೆ. ಕೇಳಿಯೇ ಬಿಟ್ಟೆ.

ಅತ್ತಿಗೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ನನಗಿಂತ ಒಂದು ವರ್ಷ ದೊಡ್ಡವರಿರಬೇಕು, ಅಷ್ಟೇ.

"ಒಳಗಿಂದು ತೆಗೆದ್ರೆ ಮತ್ತೆ ಕೂರ್ತವಾ?" ಎಂದರು.

"ಕೂರ್ತವೆ ಅತ್ತಿಗೆ. ತೆಗೆಯೋದು ಹೆಂಗೋ ಹಾಕೋದೂ ಹಂಗೇ."

"ನಮ್ಮಣ್ಣ ಬರ್ತಾನಪ್ಪ. ಬಂದೋನು ಮೊದ್ಲು ಅದುನ್ನೇ ಕೇಳಾದು."

"ಅಷ್ಟರೊಳಗೆ ಹಾಡ್ತದೆ. ನನ್ನ ಮಾತು."

ನನ್ನ ಮಾತು! ಅದರ ಬೆಲೆ ಎಷ್ಟೆಂದು ಅವರು ಕೇಳಲಿಲ್ಲ. ಮೊರವನ್ನು ಎರಡು ಸಲ ಕುಟ್ಟಿ, "ನಿಮ್ಮಣ್ಣಂಗೆ ಹೇಳ್ಬ್ಯಾಡ, ಅತ್ತೆಗೂ ಬ್ಯಾಡ" ಎಂದರು. ಇದನ್ನು ಒಪ್ಪಿಗೆ ಎಂದು ನಾನು ಅರ್ಥ ಮಾಡಿಕೊಂಡೆ. ಮೈದುನ ಕೇಳಿದಾಗ ಮನೆಗೆ ಬಂದು ಎರಡು ವರ್ಷವಾದ ಸೊಸೆ ಬೇರೆ ಏನು ಹೇಳಬಹುದಿತ್ತು ಎಂದು ಆಗ ಯೋಚಿಸಲಿಲ್ಲ. ಯೋಚಿಸಬಾರದೆಂದೇ ಯೋಚಿಸಲಿಲ್ಲವೇನೋ.

ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋದಾಗ ಬೆಸುಗೆ ಕಡ್ಡಿ ಕಾಯಿಸಿ ಏಳನ್ನೂ ಕಿತ್ತೆ. ಐದು ಸಣ್ಣವು, ಎರಡು ತುಸು ದೊಡ್ಡವು. ದೊಡ್ಡವೆರಡು ಬಲ್ಬು ಉರಿಸುವ ಶಕ್ತಿ ಇದ್ದವು, ಸಣ್ಣವು ಲೆಕ್ಕಕ್ಕೆ. ಯಾವುದು ಎಲ್ಲಿತ್ತು ಎಂದು ಕಾಗದದಲ್ಲಿ ಗುರುತು ಹಾಕಿಕೊಂಡೆ. ಖಾಲಿ ರೇಡಿಯೋಗೆ ಮತ್ತೆ ಕಂಬಳಿ ಅಂಗಿ ತೊಡಿಸಿ ಗೂಡಿನಲ್ಲಿಟ್ಟೆ. ನೋಡುವವರಿಗೆ ಏನೂ ಆಗಿಲ್ಲ.

ಇಲ್ಲಿ ಒಂದು ಸಣ್ಣ ವಿಷಯ ಹೇಳಬೇಕು, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಟ್ರಾನ್ಸಿಸ್ಟರುಗಳಲ್ಲಿ ಎರಡು ಬಗೆ. ಪುಸ್ತಕದ ಚಿತ್ರ ಒಂದು ಬಗೆಯದಕ್ಕೆ ಬರೆದದ್ದು, ರೇಡಿಯೋದಲ್ಲಿ ಇದ್ದವು ಇನ್ನೊಂದು ಬಗೆಯವು. ಇವಕ್ಕೆ ಬ್ಯಾಟರಿಯ ಪ್ಲಸ್ಸು ಮೈನಸ್ಸು ಎರಡನ್ನೂ ಚಿತ್ರಕ್ಕೆ ತಿರುವುಮುರುವಾಗಿ ಕೊಡಬೇಕು. ಹೊಸದಾಗಿ ಚಿತ್ರ ಬರೆದುಕೊಳ್ಳುವುದು ಹತ್ತು ನಿಮಿಷದ ಕೆಲಸ. ನಾನು ಬರೆಯಲಿಲ್ಲ. ತಲೆಯಲ್ಲಿದೆಯಲ್ಲ, ಸಾಕು ಎಂದುಕೊಂಡೆ.

ಐದನೆಯ ದಿನಕ್ಕೆ ಹಲಗೆಯ ಮೇಲೆ ಮೊಳೆ ಹೊಡೆದು ಎಲ್ಲವನ್ನೂ ಜೋಡಿಸಿದೆ. ರೇಡಿಯೋದ ನಾಲ್ಕು ಸೆಲ್ಲುಗಳನ್ನೇ ಹಾಕಿದೆ, ತಿರುವುಮುರುವಾಗಿ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. "ನೀವೇ ಹಾಕ್ರಿ" ಎಂದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಒಂದು ಗುಂಡಿ ಒತ್ತಿದರು. ಬಲಗಡೆಯ ಬಲ್ಬಿನೊಳಗೆ ಕೆಂಪು ಎಳೆ ಕಂಡಿತು. ಇನ್ನೊಂದು ಒತ್ತಿದರು. ಅದು ಆರಿತು, ಎಡಗಡೆಯದು ಕೆಂಪಾಯಿತು.

"ಎಲ್ಡೂ ಹಾಕಿದ್ರೆ ಇದ್ಯಾಕೆ ಆರಿತು?"

ಎರಡರ ಲೆಕ್ಕ, ಸ್ಥಾನ, ದಶಕ ಎಂದು ನಾನು ಶುರು ಮಾಡಿದೆ. ಅವರು ನಡುವೆಯೇ ಕೈ ಅಡ್ಡ ಹಿಡಿದರು.

"ಗೊತ್ತಾತು ಬಿಡು. ನಮ್ಮಪ್ಪ ಕುರಿ ಎಣ್ಸಾದು ಹಿಂಗೇ. ಇಪ್ಪತ್ತು ದಾಟಿದ್ರೆ ಒಂದು ಕಲ್ಲು ಚೀಲಕ್ಕೆ ಹಾಕಿ ಬೆರಳೆಲ್ಲ ಮಡಿಸ್ಕಳ್ತಾನೆ. ಕೈ ಖಾಲಿ, ಚೀಲದಾಗೆ ಒಂದು. ಇದುಕ್ಕೆ ಎಲ್ಡಕ್ಕೇ ಕಲ್ಲು ಬೀಳ್ತೈತೆ, ಅಷ್ಟೇ ಅಲ್ಲ?"

ನಾನು ಪುಸ್ತಕದ ಮೂರು ಪುಟ ಓದಿ ತಿಳಿದುಕೊಂಡದ್ದನ್ನು ಅವರು ರಾಗಿಹಿಟ್ಟಿನ ಕೈಯಲ್ಲೇ ಹೇಳಿ ಮುಗಿಸಿದ್ದರು. ನಗು ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆದರೆ ಗಾಬರಿ ಅಲ್ಲಿಂದಲೇ ಹೆಚ್ಚಿತು. ಅವ್ವ ಪ್ರತಿ ಸಂಜೆ ಕೇಳುತ್ತಿದ್ದಳು, "ಯಾಕವ್ವ, ರೇಡಿಯೋ ಹಾಕಲ್ಲ?" ಅತ್ತಿಗೆ ತಲೆ ಎತ್ತದೆ, "ಸೆಲ್ ಮುಗ್ದವೆ ಅತ್ತೆ" ಎನ್ನುತ್ತಿದ್ದರು. ಮೂರನೆಯ ಸಲ ಅಣ್ಣ ಇದನ್ನು ಕೇಳಿಸಿಕೊಂಡು, "ಸೆಲ್ ತಾನೇ, ಸಂಬಳ ಆಗ್ಲಿ, ತರ್ತೀನಿ. ನಿಮ್ಮಣ್ಣ ಬರೋ ಹೊತ್ತಿಗೆ ಹೊಸಾ ಸೆಲ್ಲು" ಎಂದ. ಅವನು ಒಳ್ಳೆಯ ಮನಸ್ಸಿನಿಂದ ಹೇಳಿದ. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಪ್ರದರ್ಶನದ ಹಿಂದಿನ ದಿನ ಹಲಗೆ ಹೊತ್ತು ಗ್ಯಾರೇಜಿಗೆ ಹೋದೆ. ಕಾರಣ ಎರಡು. ನಾಲ್ಕು ಸೆಲ್ಲಿಗೆ ಬಲ್ಬು ಉರಿಯುತ್ತಿದ್ದದ್ದು ಹಗಲಿನಲ್ಲಿ ಕಾಣುವಂತಿರಲಿಲ್ಲ. ಸೆಲ್ಲು ಹಳತಾಗಿ ಸೊರಗಿದ್ದವು. ಮೇಲಾಗಿ ಹಲಗೆಯ ಮೊಳೆಗಳು ಅಲುಗಾಡುತ್ತಿದ್ದವು. ಮೇಸ್ತ್ರಿ ನೋಡಿ ನಾಲಗೆ ಲೊಚಗುಟ್ಟಿದರು.

"ಇದೇನಪ್ಪ, ಗುಬ್ಬಿ ಗೂಡು ಕಟ್ಟೀಯ. ಒಂದೊಂದುಕ್ಕೂ ಎಲ್ಡೆಲ್ಡು ತಂತಿ ಯಾಕೆ? ಲಾರಿಯಾಗೆ ದೀಪಕ್ಕೆ ಒಂದೇ ತಂತಿ ಹೋಗಾದು. ವಾಪಸು ಬರಾದು ಬಾಡಿಯಾಗೆ."

ಲಾರಿಯ ಕಬ್ಬಿಣದ ಮೈಯೇ ಎರಡನೆಯ ತಂತಿ, ಅದು ಅವರ ವಿದ್ಯೆಯ ಮೊದಲ ಪಾಠ. ಒಂದು ಎಣ್ಣೆ ಡಬ್ಬದ ತಗಡು ಕತ್ತರಿಸಿ, ಹಲಗೆಗೆ ಹಾಸಿ, ಅರ್ಧ ತಂತಿಗಳನ್ನು ಕಿತ್ತು, ಎಲ್ಲದರ ಒಂದೊಂದು ಕಾಲನ್ನು ನೇರ ತಗಡಿಗೆ ಬೆಸೆದರು. ಎರಡು ಗಂಟೆಯಲ್ಲಿ ನನ್ನ ಗುಬ್ಬಿ ಗೂಡು ಅಚ್ಚುಕಟ್ಟಾಯಿತು. ಅಲ್ಲಾಡಿಸಿದರೂ ಒಂದು ಕಡ್ಡಿ ಕದಲಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ಲಾರಿ ಬ್ಯಾಟರಿ ಎಳೆದುಕೊಂಡು ಬಂದರು. ಹಳೆ ಮಾದರಿಯದು, ಮೇಲೆಯೇ ಸೀಸದ ಪಟ್ಟಿಗಳು ಕಾಣುತ್ತಿದ್ದವು. ಮನೆಗೆ ಎರಡು ವೋಲ್ಟಿನಂತೆ ಮೂರು ಮನೆ ಎಣಿಸಿ, ಆ ಪಟ್ಟಿಗೊಂದು ಮೊಳೆ ಬಡಿದು, ನನಗೆ ಬೇಕಾದಷ್ಟೇ ವೋಲ್ಟು ತೆಗೆದರು. ಎರಡು ಕ್ಲಿಪ್ಪುಗಳನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

"ಲಾಯ್ರಿ, ತಗಡಿಗೆ ಯಾವ್ದು? ಹಳೇ ಲಾರಿಯಾಗೆ ಬಾಡಿಗೆ ಪ್ಲಸ್ಸು ಕೊಡ್ತಿದ್ರು. ಹೊಸವುಕ್ಕೆ ಮೈನಸ್ಸು. ನಿಂದು ಹಳೇದಾ ಹೊಸದಾ?"

ಅವರು ಕೇಳಿದರು. ಇದನ್ನು ನಾನು ಮತ್ತೆ ಮತ್ತೆ ಹೇಳಬೇಕು: ಅವರು ಕೇಳಿದರು.

ನನ್ನ ಕೈಯಲ್ಲಿ ಪುಸ್ತಕದ ಚಿತ್ರವಿತ್ತು. ಅದರಲ್ಲಿ ಕೆಳಗಿನ ಗೆರೆಗೆ ಮೈನಸ್ಸು. ತಿರುಗಿಸಬೇಕು ಎಂಬುದು ತಲೆಯಲ್ಲಿ ಎಲ್ಲೋ ಇತ್ತು. ಆದರೆ ಎರಡು ಗಂಟೆಯಿಂದ ಎಲ್ಲ ತಂತಿಯ ದಾರಿ ಬದಲಾಗಿತ್ತು, ತಗಡು ಹೊಸದಾಗಿ ಬಂದಿತ್ತು. ತಿರುಗಿಸಿದ್ದು ಈಗಾಗಲೇ ಆಯಿತೇ ಇನ್ನೂ ಇಲ್ಲವೇ ಎಂದು ನನಗೆ ಆ ಕ್ಷಣಕ್ಕೆ ತಿಳಿಯಲಿಲ್ಲ. "ತಡೀರಿ, ನೋಡ್ತೀನಿ" ಎಂಬ ಎರಡು ಶಬ್ದ ಸಾಕಿತ್ತು. ಆದರೆ ಹಳೆಯದೋ ಹೊಸದೋ ಎಂದು ಕೇಳಿಬಿಟ್ಟರಲ್ಲ! ಈಗಿನ ಕಾಲದ್ದು ಎಂದು ಅವರ ರಿಲೇಗಳನ್ನು ಸೋಲಿಸಿದವನು ನಾನು.

"ಹೊಸದು. ಮೈನಸ್ಸು" ಎಂದೆ.

ಕ್ಲಿಪ್ಪು ಕಚ್ಚಿತು. ಗುಂಡಿ ಒತ್ತುವ ಮೊದಲೇ ಎರಡೂ ಬಲ್ಬು ಝಗ್ಗನೆ ಉರಿದವು, ಮಧ್ಯಾಹ್ನದ ಬಿಸಿಲಿನಲ್ಲೂ ಕಾಣುವಂತೆ. ಅರೆ ಕ್ಷಣ ಖುಷಿಯೂ ಆಯಿತು. ಮೇಸ್ತ್ರಿ ಬೆರಳು ಮುಟ್ಟಿಸಿ ಹಿಂದಕ್ಕೆಳೆದುಕೊಂಡರು. "ಸುಡ್ತೈತೆ ಲೇ!" ಎಂದು ಕ್ಲಿಪ್ಪು ಕಿತ್ತರು. ಹೊಗೆ ಇಲ್ಲ, ಸದ್ದಿಲ್ಲ. ಸುಟ್ಟ ಬಣ್ಣದ ಸಣ್ಣ ವಾಸನೆ ಮಾತ್ರ. ತಣ್ಣಗಾಗಲು ಬಿಟ್ಟು, ಸರಿಯಾಗಿ ತಿರುಗಿಸಿ ಕೊಟ್ಟೆವು. ಏನೂ ಆಗಲಿಲ್ಲ. ಒಂದೊಂದನ್ನೇ ಬಿಚ್ಚಿ ಪರೀಕ್ಷಿಸಿದೆವು. ಏಳರಲ್ಲಿ ಒಂದೂ ಬದುಕಿರಲಿಲ್ಲ.

"ಹೋಗ್ಲಿ ಬಿಡು, ಕೂತ್ಕ" ಎಂದು ಮೇಸ್ತ್ರಿ ಟೀ ತರಿಸಿದರು. "ನಾಳೆಗೆ ರಿಲೇ ಹಾಕಾಣ. ಬೆಳಗಾನ ಒಂದೆಲ್ಡು ತಾಸು ಸಾಕು."

"ಬೇಡ" ಎಂದೆ. ಆ ಏಳೂ ಯಾರ ರೇಡಿಯೋದಿಂದ ಬಂದವೆಂದು ಅವರಿಗೆ ನಾನು ಹೇಳಿರಲೇ ಇಲ್ಲ.

ಮರುದಿನ ಪ್ರದರ್ಶನದಲ್ಲಿ ಸತ್ತ ಹಲಗೆಯನ್ನು ಮೇಜಿನ ಮೇಲಿಟ್ಟುಕೊಂಡು ನಿಂತೆ. ಎದುರಾಳಿ ಬಂದಿದ್ದ. "ನಡೆಯುವುದಿಲ್ಲವೇ?" ಎಂದ. ನಾನು ಬಾಯಿ ತೆರೆದೆ. ಮಾತು ತಾನಾಗಿ ಬಂತು. ನಿನ್ನೆಯವರೆಗೂ ನಡೆಯುತ್ತಿತ್ತು, ಗ್ಯಾರೇಜಿನ ಮೇಸ್ತ್ರಿ ಒಬ್ಬ ಬ್ಯಾಟರಿ ತಿರುವುಮುರುವು ಕೊಟ್ಟು ಸುಟ್ಟ, ಆದರೂ ತತ್ತ್ವ ಇದು ನೋಡಿ ಎಂದು ಶುರು ಮಾಡಿ, ಎರಡಾದರೆ ಚೀಲಕ್ಕೆ ಒಂದು ಕಲ್ಲು ಎಂದು ಕುರಿ ಲೆಕ್ಕದಲ್ಲಿ ವಿವರಿಸಿದೆ. ಜನ ಗುಂಪು ಕಟ್ಟಿ ಕೇಳಿದರು. ತೀರ್ಪುಗಾರರಲ್ಲಿ ಒಬ್ಬರು, ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ ಎಂದು ಬೆನ್ನು ತಟ್ಟಿದರು. ವಿವರಣೆಗೆ ಎರಡನೆಯ ಬಹುಮಾನ ಕೊಟ್ಟರು. ಉಪಮೆ ಅತ್ತಿಗೆಯದು, ಟ್ರಾನ್ಸಿಸ್ಟರ್ ಅತ್ತಿಗೆಯವು, ತಪ್ಪು ಮೇಸ್ತ್ರಿಯದು, ಬಹುಮಾನ ನನ್ನದು.

ಉಳಿದದ್ದು ನಾಲ್ಕು ದಿನ. ಮೊದಲ ದಿನ ಊರಿನ ಅಂಗಡಿಗಳು. ಎರಡನೆಯ ದಿನ ಹಿರಿಯೂರು. ಅಲ್ಲಿ ಒಬ್ಬರ ಬಳಿ ಎರಡಿದ್ದವು, ಅದೂ ದೊಡ್ಡ ಬಗೆಯವು ಮಾತ್ರ. ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೊಳಲ್ಕೆರೆ. ರೇಡಿಯೋವನ್ನೂ ಕಂಬಳಿ ಸಮೇತ ಚೀಲದಲ್ಲಿ ಹಾಕಿಕೊಂಡಿದ್ದೆ. ಹಳ್ಳಗುಂಡಿ ಬಂದಾಗಲೆಲ್ಲ ಅದನ್ನು ಮಗುವಿನಂತೆ ಎತ್ತಿ ಹಿಡಿಯುತ್ತಿದ್ದೆ; ಒಳಗೆ ಪೆಟ್ಟಾಗುವಂಥದ್ದು ಏನೂ ಉಳಿದಿಲ್ಲ ಎಂಬುದು ಆಮೇಲೆ ನೆನಪಾಗುತ್ತಿತ್ತು. ಹೊಳಲ್ಕೆರೆಯ ರೇಡಿಯೋ ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು.

"ಯಾರು ಕಿತ್ತಿದ್ದು?"

"ನಾನೇ."

"ಹಲ್ಲು ಕಿತ್ತಂಗೆ ಕಿತ್ತೀಯಲ್ಲ ಮಾರಾಯ. ಬೇರೆ ನಂಬರಿನವು ಹಾಕಬೌದು. ಆದ್ರೆ ಕಾಯಿಲ್ ಎಲ್ಲ ತಿರುಗ ಹೊಂದಿಸ್ಬೇಕು. ಮಾಲು ಬಂದು, ಕೂಡ್ಸಿ, ಎಂಟು ದಿನ. ಬಿಟ್ಟೋಗ್ರಿ."

"ನಾಳೆ ಬೇಕು."

"ನಾಳೆ ಬೇಕಾದ್ರೆ ಹೊಸಾ ರೇಡಿಯೋ ತಗಳ್ರಿ" ಎಂದು ನಕ್ಕರು.

ಬಿಟ್ಟು ಹೋದರೆ ಗೂಡು ಖಾಲಿ ಕಾಣುತ್ತದೆ. ವಾಪಸು ತಂದು ಇಟ್ಟೆ. ಅತ್ತಿಗೆ ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಅವರು ತಂಬಿಟ್ಟಿಗೆ ಅಕ್ಕಿ ಹುರಿಯುತ್ತಿದ್ದರು. ಸೌಟು ಒಂದು ಗಳಿಗೆ ನಿಂತು ಮತ್ತೆ ಆಡಿತು. ಬೈದಿದ್ದರೆ ನನಗೆ ಉತ್ತರ ಸಿದ್ಧವಿತ್ತು. ಬೈಯಲಿಲ್ಲ. ನಾಳೆ ನಿಮ್ಮಣ್ಣನಿಗೆ ನಾನೇ ಹೇಳುತ್ತೇನೆ ಎಂಬ ಮಾತು ಗಂಟಲವರೆಗೆ ಬಂದಿತ್ತು. ನಾಳೆ ಹೇಳಿದರಾಯಿತು ಎಂದು ನುಂಗಿದೆ.

ಅವರ ಅಣ್ಣ ಮಧ್ಯಾಹ್ನ ಬಂದರು. ಎತ್ತರದ ಆಳು, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕಡಲೆ ಉಂಡೆಯ ಗಂಟು. ಕಾಲು ತೊಳೆದು ಒಳಗೆ ಬಂದು ಕೂರುವುದಕ್ಕೂ ನನ್ನ ಅಣ್ಣ ಕಚೇರಿಯಿಂದ ಬರುವುದಕ್ಕೂ ಸರಿಹೋಯಿತು. ಅಣ್ಣನ ಜೇಬು ಉಬ್ಬಿತ್ತು.

"ಏನವ್ವ ತಂಗಿ, ಹಾಡ್ತೈತಾ ನಿನ್ ರೇಡಿಯೋ? ನಮ್ಮವ್ವ ನೂರು ಸಲ ಕೇಳಿ ಕಳ್ಸವ್ಳೆ" ಎಂದರು ಅವರು.

"ಸೆಲ್ ಇರ್ಲಿಲ್ಲ ಭಾವ. ತಂದೀನಿ ನೋಡ್ರಿ" ಎಂದು ನನ್ನ ಅಣ್ಣ ಜೇಬಿನಿಂದ ನಾಲ್ಕು ಹೊಸ ಸೆಲ್ಲು ತೆಗೆದು ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿದ. "ಹಾಕು, ಹಾಕು. ಭಾವನೂ ಕೇಳ್ಲಿ."

ಅವ್ವ ಗೂಡಿನಿಂದ ರೇಡಿಯೋ ತಂದು ನಡುವೆ ಇಟ್ಟಳು. ಅಣ್ಣನೇ ಸೆಲ್ಲು ಹಾಕಿದ, ಕಿವಿ ತಿರುಗಿಸಿದ. ಕಟ್ ಎಂದಿತು, ಅಷ್ಟೇ. ತೆಗೆದು ಮತ್ತೆ ಹಾಕಿದ. ತಟ್ಟಿದ. "ಇದೇನಿದು?" ಎಂದ. ಎಲ್ಲರ ಕಣ್ಣೂ ಅತ್ತಿಗೆಯ ಮೇಲೆ ಬಿತ್ತು. ಅತ್ತಿಗೆ ಬಾಗಿಲ ಬಳಿ, ನೀರಿನ ಚೊಂಬು ಹಿಡಿದು ನಿಂತಿದ್ದರು.

ಅವರು ತಮ್ಮ ಅಣ್ಣನನ್ನು ನೋಡಲಿಲ್ಲ, ತಮ್ಮ ಗಂಡನನ್ನೂ ನೋಡಲಿಲ್ಲ. ನನ್ನನ್ನು ನೋಡಿದರು. ಎಷ್ಟು ಹೊತ್ತು? ಒಂದು ವಾಕ್ಯ ಹೇಳುವಷ್ಟು ಹೊತ್ತು ಖಂಡಿತ ಇತ್ತು; ವೇದಿಕೆಯ ಮೇಲೆ ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ ನಾನು ಜನರನ್ನು ಸೋಲಿಸಿದ್ದೇನೆ. ನಾನಿನ್ನೂ ಮೊದಲ ಶಬ್ದ ಹುಡುಕುತ್ತಿದ್ದೆ.

"ನನ್ ಕೈಯಾಗೇ ಕೆಟ್ಟೋತಣ್ಣ. ಮೊನ್ನೆ ಬಿಂದಿಗೆ ಇಳುಸ್ವಾಗ ನೀರು ಬಿತ್ತು. ಬೈತಾರೆ ಅಂತ ಸೆಲ್ ಮುಗ್ದವೆ ಅಂದೆ" ಎಂದರು ಅತ್ತಿಗೆ. 

ಅವ್ವ ಹಣೆ ಬಡಿದುಕೊಂಡಳು. "ಸುಳ್ಳು ಬೇರೆ ಹೇಳಿದ್ಯಾ ಇಷ್ಟು ದಿನ! ತವರಿಂದು ಅಂದ್ರೆ ಇಷ್ಟೇನಾ ನಿಂಗೆ?" ಅಣ್ಣ ಸೆಲ್ಲುಗಳನ್ನು ಒಂದೊಂದಾಗಿ ತೆಗೆದು ಜೇಬಿಗೆ ಹಾಕಿಕೊಂಡ. ಅತ್ತಿಗೆಯ ಅಣ್ಣ ಮಾತ್ರ, "ಹೋಗ್ಲಿ ಬಿಡ್ರತ್ತೆ, ಹೊಸದುರ್ಗದಾಗೆ ತೋರ್ಸಾಣ" ಎಂದು ರೇಡಿಯೋವನ್ನು ತಮ್ಮ ಕಂಬಳಿಯಲ್ಲೇ ಸುತ್ತಿಕೊಂಡರು. ಅಣ್ಣ ತಂಗಿ ಸಂಜೆಯ ಬಸ್ಸಿಗೆ ಹೋದರು. ಬಸ್ ನಿಲ್ದಾಣದವರೆಗೆ ಗಂಟು ಹೊತ್ತುಕೊಂಡು ಹೋಗಿ ಹತ್ತಿಸಿ ಬಂದವನು ನಾನೇ. ದಾರಿಯುದ್ದಕ್ಕೂ ಮಳೆ ಬೆಳೆಯ ಮಾತಾಡಿದೆ.

ಇಲ್ಲಿಗೆ ಮನೆಯವರ ಕಥೆ ಮುಗಿಯುತ್ತದೆ. ನನಗೆ ಮುಗಿಯುವುದಿಲ್ಲ. ಹೊಸದುರ್ಗದಲ್ಲಿ ಯಾರಾದರೂ ಆ ಮುಚ್ಚಳ ತೆಗೆದಿರಲೇಬೇಕು. ತೆಗೆದವನಿಗೆ ನೀರಿನ ಕಲೆ ಕಂಡಿರುವುದಿಲ್ಲ, ಕಿತ್ತ ಗುರುತು ಕಂಡಿರುತ್ತದೆ. ಅಂದರೆ ತಂಗಿ ಹೇಳಿದ್ದು ಸುಳ್ಳು ಎಂದು ಆ ಅಣ್ಣನಿಗೆ ಗೊತ್ತಾಗಿರಬೇಕು. ಯಾಕೆ ಸುಳ್ಳು ಎಂದು ಗೊತ್ತಾಯಿತೇ? ಗಂಡನ ಮನೆಯವರು ಒಳಗಿನದನ್ನು ಕಿತ್ತು ಮಾರಿಕೊಂಡರು ಎಂದುಕೊಂಡರೇ? ಆ ರೇಡಿಯೋ ವಾಪಸು ಬರಲಿಲ್ಲ. ಅವರು ಆಮೇಲಿನ ಎರಡು ಪಂಚಮಿಗೂ ಬಂದರು, ತಂಗಿಯನ್ನು ಕರೆದುಕೊಂಡು ಹೋದರು, ಅದರ ಸುದ್ದಿ ಎತ್ತಲಿಲ್ಲ. ಆದರೆ ನಮ್ಮ ಮನೆಯಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟರು. ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ. ಅವ್ವ ಇವತ್ತಿಗೂ ಅತ್ತಿಗೆಯ ಕೈಗೆ ಗಾಜಿನ ಲೋಟ ಕೊಡುವಾಗ, "ಹುಷಾರು, ನಿನ್ ಕೈ ಗೊತ್ತಲ್ಲ" ಎಂದೇ ಕೊಡುತ್ತಾಳೆ. ನಾನು ಎದುರಿಗೇ ಇರುತ್ತೇನೆ.

ಮೇಸ್ತ್ರಿಯ ಬಳಿ ಹೋಗಿ, ಕಾಲೇಜಿನಲ್ಲಿ ನಿಮ್ಮ ಮೇಲೆ ಹೇಳಿದೆ ಎಂದು ಒಪ್ಪಿಕೊಂಡೆ. ಅವರು, "ನಿಮ್ ಕಾಲೇಜಿನೋರು ಯಾರು ಲಾರಿ ಓಡುಸ್ತಾರೆ, ನಂಗೇನಾಗ್ಬೇಕು" ಎಂದು ನಕ್ಕು ಕೆಲಸಕ್ಕೆ ತಿರುಗಿದರು. ಅಲ್ಲಿ ಸುಲಭವಾಗಿ ಮುಗಿಯಿತು. ಸುಲಭ ಎಂದು ಗೊತ್ತಿದ್ದರಿಂದಲೇ ಮೊದಲು ಅಲ್ಲಿಗೆ ಹೋದೆನೇನೋ.

ಕಳೆದ ವಾರ ಮನೆಯಲ್ಲಿ ಅತ್ತಿಗೆಯೂ ನಾನೂ ಇಬ್ಬರೇ ಇದ್ದೆವು. ಅವರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಈ ವರ್ಷದ ಪಂಚಮಿಗೆ ಇನ್ನು ಹತ್ತು ದಿನ. ಮೂರು ವರ್ಷ ಮನಸ್ಸಿನಲ್ಲೇ ತಿದ್ದಿ ತಿದ್ದಿ ಇಟ್ಟುಕೊಂಡ ಪ್ರಶ್ನೆಯನ್ನು ಕೊನೆಗೂ ಕೇಳಿದೆ. ಅವರು ಇನ್ನೊಂದು ಮೆಣಸಿನಕಾಯಿ ಎತ್ತಿಕೊಂಡರು. ಆದ್ದರಿಂದ ಇಲ್ಲಿ ಬರೆದು ಇನ್ನೊಮ್ಮೆ ಕೇಳುತ್ತಿದ್ದೇನೆ. ಅತ್ತಿಗೆ, ಆವತ್ತು ನನ್ನ ಕಡೆ ನೋಡಿದಿರಲ್ಲ, ಇವನು ಈಗಲಾದರೂ ಬಾಯಿ ಬಿಡುತ್ತಾನೆ ಎಂದು ಕಾದಿರೋ, ಇಲ್ಲಾ ಬಾಯಿ ಬಿಡುವವನಲ್ಲ ಎಂದು ನಿಮಗೆ ಮೊದಲೇ ಗೊತ್ತಿತ್ತೋ?